ಶುಂಠಿಯ ಲಿಂಗ, ನೆಲ್ಲಿಯ ಬಾಲ

ಬಡಾವಣೆಯ ಉದ್ಯಾನದ ಔಷಧಿ ಗಿಡಗಳಿಗೆ ನಾಮಫಲಕ ಬರೆಸುವ ಹೊಣೆಯನ್ನು ಸಂಘದ ಕಾರ್ಯದರ್ಶಿಗಳು ನನಗೆ ವಹಿಸಿದಾಗ, ಶುಂಠಿಗೆ ‘ಜಿಂಜಿಬರ್ ಅಫಿಸಿನಾಲೆ’, ನೆಲ್ಲಿಗೆ ‘ಎಂಬ್ಲಿಕಾ ಅಫಿಸಿನಾಲಿಸ್’, ಕಬ್ಬಿಗೆ ‘ಸ್ಯಾಕರಮ್ ಅಫಿಸಿನಾರಮ್’ ಎಂದು ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆದುಕೊಟ್ಟೆ. ಕಾರ್ಯದರ್ಶಿಗಳು ನಿವೃತ್ತ ಲೆಕ್ಕಪರಿಶೋಧಕರು. ಒಂದೇ ಪದಕ್ಕೆ ಮೂರು ಬಾಲ ಕಂಡರೆ ಅವರಿಗೆ ನಿದ್ದೆ ಬಾರದು. ಮೂರನ್ನೂ ‘ಅಫಿಸಿನಾಲಿಸ್’ ಎಂದು ತಿದ್ದಿ ಪೇಂಟರನ ಕೈಗಿತ್ತರು.

ಹಳೆಯ ಕ್ರೈಸ್ತ ಮಠಗಳಲ್ಲಿ ಔಷಧಿ ದಾಸ್ತಾನಿಡುತ್ತಿದ್ದ ಕೊಠಡಿ ‘ಅಫಿಸಿನಾ’. ಅಲ್ಲಿಗೆ ಸಲ್ಲುವ ಗಿಡ ‘ಅಫಿಸಿನಾಲಿಸ್’. ನಮ್ಮಲ್ಲಾದರೋ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಶುಂಠಿ ಎಂದರೆ ಗುಣವಾಚಕ ಮಿಸುಕಾಡುವುದಿಲ್ಲ. ಲ್ಯಾಟಿನ್ ಸಂಸ್ಕೃತದ ಜಾತಿಯದು, ವಿಶೇಷ್ಯದ ಹಿಂದೆ ವಿಶೇಷಣವೂ ವೇಷ ಬದಲಿಸಬೇಕು: ಈ ಪದಕ್ಕೆ ಪುಲ್ಲಿಂಗ, ಸ್ತ್ರೀಲಿಂಗಗಳೆರಡಕ್ಕೂ ‘ಲಿಸ್’, ನಪುಂಸಕಕ್ಕೆ ಮಾತ್ರ ‘ಲೆ’. ಎಂಬ್ಲಿಕಾ ಹೆಣ್ಣು, ಜಿಂಜಿಬರ್ ನಪುಂಸಕ. ಕಬ್ಬಿನದು ಗುಣವಾಚಕವೇ ಅಲ್ಲ, ‘ಔಷಧಿ ಕೊಠಡಿಗಳ’ ಎಂಬ ಷಷ್ಠೀ ಬಹುವಚನ. ಇದನ್ನೆಲ್ಲ ಬಿಡಿಸಿ ಹೇಳಿದಾಗ ಕಾರ್ಯದರ್ಶಿಗಳು, “ಶುಂಠಿಗೂ ಲಿಂಗವೇನ್ರೀ?” ಎಂದು ಗಿಡವನ್ನೊಮ್ಮೆ ಬಗ್ಗಿ ನೋಡಿದರು.

ಅಷ್ಟರಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ನಮ್ಮ ಭಾವ ಬಂದು, ಅದು ‘ಅಫಿಸಿನೇಲಿ’ ಎಂದರು. ಇಂಗ್ಲಿಷರು ಕಲಿಸಿದ ಉಚ್ಚಾರಣೆ. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ ಓದಿದ್ದ ಪಕ್ಕದ ಮನೆಯವರು ರೋಮಿನ ಚರ್ಚಿನ ರೂಢಿಯಂತೆ ‘ಒಫಿಚಿನಾಲೆ’ ಎಂದರು. ಪ್ರಾಚೀನ ರೋಮನ್ನರ ಬಾಯಲ್ಲಿ ‘c’ ಅಕ್ಷರ ಎಲ್ಲಿ ಬಂದರೂ ‘ಕ’ಕಾರವೇ ಆದ್ದರಿಂದ ‘ಒಫಿಕಿನಾಲೆ’ ಎಂದು ನಾನು ಪಟ್ಟು ಹಿಡಿದೆ. ಸೀಮೆಸುಣ್ಣದಲ್ಲಿ ಅಕ್ಷರದ ಗೆರೆ ಎಳೆದು ಕಾಯುತ್ತಿದ್ದ ಪೇಂಟರ್, “ಬರೆಯೋದು ಒಂದೇ ತಾನೇ ಸಾರ್?” ಎಂದು ಕೇಳಿದ್ದು ನಮಗಾರಿಗೂ ರುಚಿಸಲಿಲ್ಲ.

ಕೊನೆಗೆ ಕಾರ್ಯದರ್ಶಿಗಳನ್ನು ಒಪ್ಪಿಸಿದ್ದು ವ್ಯಾಕರಣವಲ್ಲ, ಪೇಂಟರನ ದರ. ಅವನದು ಅಕ್ಷರಕ್ಕಿಷ್ಟು ಎಂಬ ಲೆಕ್ಕ. ರೋಮನ್ ಲಿಪಿಯಲ್ಲಿ ‘ಲಿಸ್’ಗಿಂತ ‘ಲೆ’ಗೆ ಒಂದಕ್ಷರ ಕಡಿಮೆಯೆಂದು ತಿಳಿದೊಡನೆ ಶುಂಠಿಯ ನಪುಂಸಕತ್ವ ಸರ್ವಾನುಮತದಿಂದ ಅಂಗೀಕೃತವಾಯಿತು. ಕಬ್ಬಿನದು 11ಕ್ಕೆ 11, ತಕರಾರಿಲ್ಲ. ಆಗ ಭಾವ, ನೆಲ್ಲಿಗೆ ಈಗ ಸಲ್ಲುವ ಹೆಸರು ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಇಟ್ಟ ‘ಫಿಲಾಂಥಸ್ ಎಂಬ್ಲಿಕಾ’ ಎಂದು ಹೊಸ ವ್ಯಾಜ್ಯ ತೆಗೆದರು. ಕಾರ್ಯದರ್ಶಿಗಳು ಬೆರಳು ಮಡಿಸಿ ಎಣಿಸಿದರು: ಹಳೆಯದಕ್ಕೂ 18, ಹೊಸದಕ್ಕೂ 18. ಉಳಿತಾಯವಿಲ್ಲದ ತಿದ್ದುಪಡಿಯನ್ನು ಮುಂದಿನ ಮಹಾಸಭೆಯ ಮುಂದಿಡುವುದಾಗಿ ಹೇಳಿ, ಪೇಂಟರನಿಗೆ ಬಣ್ಣ ಹಚ್ಚಲು ಸನ್ನೆ ಮಾಡಿದರು.