ತಾಮ್ರ ಹಾಕಿದರೆ ಕ್ಲೋರಿನ್ ಬೇಡವೇ?

ಹಾಟ್ ಟಬ್ಬಿಗೆ, ಅಂದರೆ ಹಲವರು ಕೂರುವ ಬಿಸಿನೀರಿನ ತೊಟ್ಟಿಗೆ, ತಾಮ್ರ-ಬೆಳ್ಳಿಯ ಮಿನರಲ್ ಕಡ್ಡಿ ಹಾಕಿದರೆ ಕ್ಲೋರಿನ್ ಬೇಕಿಲ್ಲ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಕೊಪ್ಪಳ ಜಿಲ್ಲೆಯ ಆನೆಗೊಂದಿ, ಸಾಣಾಪುರದ ಕಡೆ ಇಂಥ ಟಬ್ ಇಟ್ಟು ರೂಮು ಬಾಡಿಗೆಗೆ ಕೊಡುವವರು ಇದನ್ನು ನಂಬಿದರೆ ಆಶ್ಚರ್ಯವಿಲ್ಲ. ತಾಮ್ರದ ಚೊಂಬಿನ ನೀರು ಕುಡಿದು ಬೆಳೆದವರು ನಾವು, ಅಲ್ವಾ?

ಅರ್ಧ ನಿಜವೇ. ತಾಮ್ರ, ಬೆಳ್ಳಿ ಕ್ರಿಮಿ ಕೊಲ್ಲುತ್ತವೆ, ಆದರೆ ನಿಧಾನವಾಗಿ. ಚೊಂಬಿನ ನೀರು ರಾತ್ರಿಯಿಡೀ ಸುಮ್ನೆ ಇರುತ್ತದೆ. ಟಬ್ಬಿನಲ್ಲಿ ನಾಲ್ಕು ಜನ ಬೆವರು, ತಲೆಯೆಣ್ಣೆ ಸಮೇತ ಕೂತಿರುತ್ತಾರೆ. ಆ ಕೊಳೆಯನ್ನು ಮಿನರಲ್ ಒಡೆಯುವುದಿಲ್ಲ, ಕ್ಲೋರಿನ್ ಒಡೆಯುತ್ತದೆ. ಬಿಸಿ ನೀರಲ್ಲಿ ಕ್ಲೋರಿನ್ ಬೇಗ ಖಾಲಿಯೂ ಆಗುತ್ತದೆ. ಅದು ಕಮ್ಮಿಯಾದರೆ ಚರ್ಮದಲ್ಲಿ ಗುಳ್ಳೆ ಏಳಿಸುವ ಸ್ಯೂಡೊಮೊನಾಸ್, ಆವಿಯಲ್ಲಿ ಶ್ವಾಸಕೋಶ ಸೇರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಬೆಳೆಯಬಹುದು.

ನೀವೇ ನೋಡಬಹುದು. ಮಿನರಲ್ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಕ್ಲೋರಿನ್ ಜೊತೆಗೇ ಬಳಸಿ ಎಂದು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಟೆಸ್ಟ್ ಸ್ಟ್ರಿಪ್ ಅದ್ದಿ, ಬಣ್ಣ ಹೋಲಿಸಿ: ಫ್ರೀ ಕ್ಲೋರಿನ್ (ಕ್ರಿಮಿ ಕೊಲ್ಲಲು ಇನ್ನೂ ಉಳಿದಿರುವ ಕ್ಲೋರಿನ್) ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.0ರಿಂದ 7.8 ಇರಬೇಕು. ಮೂಗನ್ನು ಮಾತ್ರ ನಂಬಬೇಡಿ. ಘಾಟು ಬಂದರೆ ಕ್ಲೋರಿನ್ ಜಾಸ್ತಿಯಾಗಿದೆ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಬೆವರು, ಮೂತ್ರದ ಜೊತೆ ಸೇರಿ ಕೆಟ್ಟ ಕ್ಲೋರಿನ್ನಿನ ವಾಸನೆ.