ಆಗಸ್ಟ್ 15ಕ್ಕೆ ಮೈಸೂರಿಗೆ ಬಾವುಟ ಬಂತು, ಸರ್ಕಾರ ಬರಲಿಲ್ಲ

ಇವತ್ತು ನಮ್ಮ ಬಡಾವಣೆ ಪಾರ್ಕಿನಲ್ಲಿ ಧ್ವಜಾರೋಹಣ. ಮುಖ್ಯ ಅತಿಥಿಗಳು ಮೈಕ್ ಹಿಡಿದು, "ರಾತ್ರಿ ಹನ್ನೆರಡಕ್ಕೆ ಬ್ರಿಟಿಷರು ಹೊರಟರು, ಬೆಳಗಾಗೋದ್ರೊಳಗೆ ನಮ್ಮ ಮೈಸೂರಲ್ಲಿ ನಮ್ಮದೇ ಸರ್ಕಾರ" ಅಂದುಬಿಟ್ಟರು. ಎಲ್ಲರೂ ಚಪ್ಪಾಳೆ. ನಾನು ಬೂಂದಿ ಪೊಟ್ಟಣ ಹಿಸುಕಿಕೊಂಡು ನಿಂತಿದ್ದೆ. ಅಲ್ಲೇ ಬಾಯಿ ಬಿಟ್ಟಿದ್ದರೆ ಮನೆಯವಳು ಇಷ್ಟೊತ್ತಿಗೆ ಮಾತು ಬಿಟ್ಟಿರೋಳು. ಅದಕ್ಕೇ ಇಲ್ಲಿ ಬರೀತಿದೀನಿ.

ಯಾವ ಸರ್ಕಾರ ಸ್ವಾಮಿ? ನಮ್ಮ ಮೈಸೂರು ಆಗ ಮಹಾರಾಜರ ಸಂಸ್ಥಾನ. 1947ರ ಆಗಸ್ಟ್ 15ರ ಬೆಳಗ್ಗೆ ಇಲ್ಲಿ ಇದ್ದದ್ದು ಹಿಂದಿನ ದಿನ ಇದ್ದ ಸರ್ಕಾರವೇ. ಅದೇ ದಿವಾನರು, ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮಹಾರಾಜರು, ಅಂದರೆ ಜಯಚಾಮರಾಜ ಒಡೆಯರು, ಭಾರತಕ್ಕೆ ಸೇರುವ ಪತ್ರಕ್ಕೆ ಆಗಸ್ಟ್ 9ಕ್ಕೇ ಸಹಿ ಹಾಕಿದ್ದರು, ಸರಿ. ಆದರೆ ಜನಕ್ಕೆ ಉತ್ತರ ಕೊಡುವ ಮಂತ್ರಿಮಂಡಲ? ಅದರ ಸುದ್ದಿಯೇ ಇಲ್ಲ. ಕಬ್ಬು ಕಡಿದು ಲಾರಿಗೆ ಹೇರೋದು ಬೇರೆ, ಬಿಲ್ಲು ಕೈಗೆ ಸಿಗೋದು ಬೇರೆ. ಮಂಡ್ಯದ ಸ್ನೇಹಿತರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಅಂಥ ಮಂತ್ರಿಮಂಡಲ ಬೇಕು ಅಂತ ಸೆಪ್ಟೆಂಬರ್ 1ಕ್ಕೆ 'ಮೈಸೂರು ಚಲೋ' ಚಳವಳಿ ಶುರುವಾಯ್ತು. ಕಾಂಗ್ರೆಸ್ ನಾಯಕ ಕೆ.ಸಿ. ರೆಡ್ಡಿ ಜೈಲಿಗೆ. ಊರೂರಲ್ಲೂ ವಿದ್ಯಾರ್ಥಿಗಳು ಬೀದಿಗೆ. "ಆರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ" ಅನ್ನೋ ಘೋಷಣೆ ಆಗಿನದು. ದಿವಾನರನ್ನೂ ಮಹಾರಾಜರ ಖಾಸಗಿ ಕಾರ್ಯದರ್ಶಿಯನ್ನೂ ಒಂದೇ ಉಸಿರಲ್ಲಿ ಮುಗಿಸೋದು ಅಂದರೆ ಇದು. ಈಗಿನ ಐಟಿ ಸೆಲ್‌ಗಳು ತಿಂಗಳುಗಟ್ಟಲೆ ಕೂತರೂ ಇಂಥ ಪ್ರಾಸ ಹುಟ್ಟಲ್ಲ ಬಿಡಿ.

ದಿನಾ ಮೈಸೂರಿನ ಜೆ.ಎಲ್.ಬಿ. ರಸ್ತೆಯಲ್ಲಿ ಓಡಾಡೋರು ರಾಮಸ್ವಾಮಿ ಸರ್ಕಲ್ ದಾಟಿರ್ತೀರಿ. ಯಾವ ರಾಮಸ್ವಾಮಿ ಅಂತ ಒಬ್ಬ ಡಿಗ್ರಿ ಹುಡುಗನನ್ನ ಕೇಳಿದೆ. "ಎಂಎಲ್‌ಎ ಇರಬೇಕು ಸಾರ್" ಅಂದ. ಇನ್ನೊಬ್ಬರು, ನನ್ನದೇ ವಯಸ್ಸಿನವರು, ದಿವಾನರ ಹೆಸರೇ ಇರಬೇಕು ಅಂದರು. ಕರ್ಮ! ಯಾವ ದಿವಾನರ ವಿರುದ್ಧ ಚಳವಳಿ ನಡೆದಿತ್ತೋ ಅವರ ಹೆಸರೇ ಆ ಚಳವಳಿಯಲ್ಲಿ ಸತ್ತ ಹುಡುಗನ ತಲೆ ಮೇಲೆ. ಸರ್ಕಲ್‌ನ ರಾಮಸ್ವಾಮಿ ಹಾರ್ಡ್ವಿಕ್ ಶಾಲೆಯ ವಿದ್ಯಾರ್ಥಿ. ಮೈಸೂರು ಚಲೋದಲ್ಲಿ ಗುಂಡೇಟಿಗೆ ಸತ್ತವನು. ಸತ್ತದ್ದು 1942ರಲ್ಲಲ್ಲ, 1947ರ ಸೆಪ್ಟೆಂಬರ್‌ನಲ್ಲಿ. ಕೆಂಪುಕೋಟೆಯಲ್ಲಿ ನೆಹರೂ ಬಾವುಟ ಹಾರಿಸಿ ಆಗಿತ್ತು. ಹೊಡೆದ ಗುಂಡು ಬ್ರಿಟಿಷರದ್ದಲ್ಲ, ಸಂಸ್ಥಾನದ್ದು.

ಇದನ್ನ ಯಾವ ಭಾಷಣದಲ್ಲೂ ಹೇಳಲ್ಲ. ಯಾಕೆ ಅಂದರೆ ಹೇಳಿದರೆ ಅರಮನೆ ಕಡೆ ತಿರುಗಿ ನೋಡಬೇಕಾಗುತ್ತೆ. ಬ್ರಿಟಿಷರನ್ನ ಬೈಯೋದು ಸಲೀಸು, ವಾಪಸ್ ಬೈಯೋಕೆ ಅವರು ಇಲ್ಲಿಲ್ಲ.

ಈಗ ಬರುತ್ತೆ ನೋಡಿ, "ಮಹಾರಾಜರು ಏನು ಕಮ್ಮಿ ಮಾಡಿದ್ರು?" ಅಂತ. ಏನೂ ಕಮ್ಮಿ ಮಾಡಿಲ್ಲ ಮಾರಾಯ್ರೆ. 1902ರಲ್ಲೇ ಶಿವನಸಮುದ್ರದ ಕರೆಂಟು, ಆಮೇಲೆ ಕನ್ನಂಬಾಡಿ ಕಟ್ಟೆ. ನಮ್ಮೂರಿನ ನಡುಮನೆಯಲ್ಲಿ ನಾಲ್ವಡಿಯವರ ಫೋಟೋ ಮಾದಪ್ಪನ ಪಕ್ಕದಲ್ಲೇ ಇದೆ, ನಾನೇ ಹಬ್ಬದ ದಿನ ಹೂವು ಮುಡಿಸ್ತೀನಿ. ಕಟ್ಟೆ ನೀರಲ್ಲಿ ಬೆಳೆದ ಅನ್ನ ತಿಂದವನು ನಾನು, ನನಗೆ ಪಾಠ ಬೇಡ. ಆದರೆ ಒಳ್ಳೇ ರಾಜ ಇದ್ದಾನೆ ಅನ್ನೋದಕ್ಕೂ ಸರ್ಕಾರ ನಮ್ಮದು ಅನ್ನೋದಕ್ಕೂ ಎತ್ತಣಿಂದೆತ್ತ ಸಂಬಂಧ? 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು, ನಿಜ. ದಸರೆ ಹೊತ್ತಿಗೆ ಸೇರಿ ಅಹವಾಲು ಹೇಳಿಕೊಳ್ಳಬಹುದಿತ್ತು. ದಿವಾನರನ್ನ ಇಳಿಸೋಕೆ ಮಾತ್ರ ಆಗ್ತಿರಲಿಲ್ಲ. ಇಷ್ಟೆಲ್ಲ ಒಳ್ಳೇ ಆಡಳಿತ ಇದ್ದಾಗಲೇ, 1938ರಲ್ಲಿ, ಮದ್ದೂರಿನ ಶಿವಪುರದಲ್ಲಿ ತ್ರಿವರ್ಣ ಧ್ವಜ ಹಾರಿಸಿದ್ದಕ್ಕೆ ಕಾಂಗ್ರೆಸ್ ನಾಯಕ ಟಿ. ಸಿದ್ಧಲಿಂಗಯ್ಯನವರನ್ನ ಬಂಧಿಸಿದ್ದು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸೋಕೆ ಸೇರಿದ ಜನರ ಮೇಲೆ ಸಂಸ್ಥಾನದ ಪೊಲೀಸರ ಗೋಲಿಬಾರು. ಅದನ್ನೂ ಬ್ರಿಟಿಷರ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡಿದೀವಿ.

ಜಯಚಾಮರಾಜರ ಬಗ್ಗೆ ನ್ಯಾಯವಾಗಿ ಒಂದು ಮಾತು: ಹೈದರಾಬಾದಿನ ನಿಜಾಮರ ಥರ ಸೈನ್ಯ ಬರೋವರೆಗೂ ಎಳೆದಾಡಲಿಲ್ಲ. ಅಕ್ಟೋಬರ್‌ನಲ್ಲಿ ರಾಜಿಯಾಯ್ತು, ತಿಂಗಳ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿ ಜೈಲಿನಿಂದ ಬಂದವರು ಮುಖ್ಯಮಂತ್ರಿಯಾಗಿ ಕೂತರು. ಅವತ್ತು ಕಣ್ರೀ ನಮ್ಮ ಸರ್ಕಾರ ಹುಟ್ಟಿದ್ದು. ಅದೂ ಪೂರ್ತಿ ಅಲ್ಲ. ದಿವಾನ್ ಪದವಿ ಇನ್ನೂ ಎರಡು ವರ್ಷ ಇತ್ತು. ಮೈಸೂರಿಗೇ ಪ್ರತ್ಯೇಕ ಸಂವಿಧಾನ ಬರೆಯೋಕೆ ಒಂದು ಸಂವಿಧಾನ ಸಭೆಯನ್ನೂ ಕೂರಿಸಿದ್ದರು. ಕೊನೆಗೆ ಅದು ಬೇಡ, ಭಾರತದ್ದೇ ಸಾಕು ಅಂತಾಗಿ 1949ರ ನವೆಂಬರ್ 25ಕ್ಕೆ ಮಹಾರಾಜರು ಘೋಷಣೆ ಹೊರಡಿಸಿದರು. ಗಣರಾಜ್ಯ ಬಂದಾಗ ಅವರು ರಾಜಪ್ರಮುಖರು, ಅಂದರೆ ರಾಜ್ಯಪಾಲರ ಥರದ ಹುದ್ದೆ. ವಯಸ್ಕರೆಲ್ಲ ಓಟು ಹಾಕಿ ಆರಿಸಿದ ಸರ್ಕಾರ ನೋಡೋಕೆ 1952ರ ತನಕ, ಕೆಂಗಲ್ ಹನುಮಂತಯ್ಯನವರ ತನಕ ಕಾಯಬೇಕಾಯ್ತು. ಬೆಳಗಾಗೋದ್ರೊಳಗೆ ಅಂತೆ!

1947ರ ಸೆಪ್ಟೆಂಬರ್, ಅಕ್ಟೋಬರ್, ಆ ಎರಡು ತಿಂಗಳಲ್ಲಿ ಜೈಲಿಗೆ ಹೋದವರು, ಶಾಲೆ ಬಿಟ್ಟು ಮೆರವಣಿಗೆಗೆ ಹೋದವರು ಮಂಡ್ಯ, ಮದ್ದೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಇದ್ದರು. ನಿಮ್ಮ ಮನೆಯ ಅಜ್ಜನೋ ಅಜ್ಜಿಯೋ ಅಂಥವರಾಗಿದ್ದರೆ ಕೆಳಗೆ ಕಾಮೆಂಟಲ್ಲಿ ಬರೀರಿ, ಯಾವ ಜೈಲು ಅನ್ನೋದನ್ನೂ ಸೇರಿಸಿ. ಬಾವುಟದ ಇಮೋಜಿ ಹಾಕೋಕೆ ಬಂದವರು ದಯವಿಟ್ಟು ಪಾರ್ಕಿನ ಕಡೆ ಹೋಗಿ, ಬೂಂದಿ ಇನ್ನೂ ಮಿಕ್ಕಿದೆ.