ಅರ್ಧ ಲೀಟರಿನ ತೊಟ್ಟೆ

ಟ್ಯಾಂಕು ತುಂಬಿಸಿದ ದಿನ ನನ್ನ ಬೈಕು ಕಲ್ಸಂಕದಲ್ಲಿ ನಿಲ್ಲುತ್ತಿತ್ತು. ಅರ್ಧ ಟ್ಯಾಂಕು ಇದ್ದ ದಿನ ಇಂದ್ರಾಳಿಯ ರೈಲ್ವೆ ಸೇತುವೆಯವರೆಗೂ ಬರುತ್ತಿತ್ತು. ಪೆಟ್ರೋಲು ಕಡಿಮೆಯಾದಷ್ಟೂ ಹೆಚ್ಚು ದೂರ ಓಡುವ ವಾಹನ ಉಡುಪಿಯಲ್ಲಿ ನನ್ನ ಹತ್ತಿರ ಬಿಟ್ಟರೆ ಬೇರೆಯವರ ಹತ್ತಿರ ಇರಲಾರದು. ಮಠದಲ್ಲಿ ಉಂಡು ಬಂದವರಿಗೆ ಕಣ್ಣು ಎಳೆಯುವುದಿಲ್ಲವೇ, ಇದಕ್ಕೂ ಹೊಟ್ಟೆ ತುಂಬಿದರೆ ಆಲಸ್ಯ ಎಂದುಕೊಂಡಿದ್ದೆ.

ಆದಿ ಉಡುಪಿಯ ಮನೆಯಿಂದ ಮಣಿಪಾಲದ ಶಾಲೆಗೆ ಹೋಗುವುದರೊಳಗೆ ಒಂದು ಸಲವಾದರೂ ಈ ಶಾಸ್ತ್ರ ನಡೆಯಲೇಬೇಕು. ಜುಲೈ ತಿಂಗಳ ಮಳೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕೀಲಿಕೈ. ಟ್ಯಾಂಕಿನ ಮುಚ್ಚಳ ತೆರೆದರೆ ‘ಸುಂಯ್’ ಎಂದು ಒಂದು ಸದ್ದು. ಪಾಪ, ಹದಿನಾರು ವರ್ಷ ದುಡಿದ ಜೀವ, ನಿಟ್ಟುಸಿರು ಬಿಡುತ್ತಿದೆ ಎಂದು ನನಗೆ ಮರುಕವಾಗುತ್ತಿತ್ತು. ಇಣುಕಿ ನೋಡಿದರೆ ಪೆಟ್ರೋಲು ಇದ್ದೇ ಇರುತ್ತಿತ್ತು. ಮುಚ್ಚಳ ಹಾಕಿ ನಾಲ್ಕು ಕಿಕ್ ಹೊಡೆದರೆ ಏನೂ ಆಗಿಯೇ ಇಲ್ಲ ಎಂಬಂತೆ ಹೊರಡುತ್ತಿತ್ತು. ಸಿಟ್ಟು ಮಾಡಿಕೊಂಡ ಹಿರಿಯರನ್ನು ಮುಖ ನೋಡಿ ಮಾತನಾಡಿಸಿದರೆ ಸಮಾಧಾನವಾಗುತ್ತಾರಲ್ಲ, ಹಾಗೆ.

ಮೊದಲು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಕೊಟ್ಟೆ. ಗಾಜಿನ ಗೋಡೆ, ತಣ್ಣನೆಯ ಗಾಳಿ, ಕಾಗದದ ಲೋಟದಲ್ಲಿ ಕಾಫಿ. ಕಾರ್ಬುರೇಟರ್ ಬಿಚ್ಚಿ ತೊಳೆದರು, ಸ್ಪಾರ್ಕ್ ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಹೊಸದು ಹಾಕಿದರು. 1,840 ರೂಪಾಯಿ. ಮಲ್ಪೆಯವರೆಗೆ ಓಡಿಸಿ ನೋಡಿದೆವು, ಎಲ್ಲಿಯೂ ನಿಲ್ಲಲಿಲ್ಲ ಎಂದರು. ಅವರು ಹೇಳಿದ್ದು ನಿಜ. ಮಾರನೆಯ ದಿನ ನಾನು ಹತ್ತಿದೆ, ಕಲ್ಸಂಕದಲ್ಲಿ ನಿಂತಿತು. ಬೈಕಿಗೆ ನನ್ನ ಮೇಲೆಯೇ ಏನೋ ಅಸಮಾಧಾನ ಎಂದು ಹೆಂಡತಿ ಹೇಳಿದಳು. ಅವಳ ಧ್ವನಿಯಲ್ಲಿ ಬೈಕಿನ ಪರವಾದ ಒಂದು ಸಹಾನುಭೂತಿ ಇತ್ತು.

ಕೊನೆಗೆ ಒಂದು ಸಂಜೆ ಕುಂಜಿಬೆಟ್ಟಿನ ಹತ್ತಿರ ನಿಂತದ್ದು ಹೊರಡಲೇ ಇಲ್ಲ. ಮಳೆ ಎಷ್ಟು ಜೋರಾಗಿತ್ತೆಂದರೆ ಮುಚ್ಚಳ ತೆರೆಯಲು ಧೈರ್ಯ ಬರಲಿಲ್ಲ. ದೂಡಿಕೊಂಡು ಒಂದು ಒಳರಸ್ತೆಗೆ ಇಳಿದಾಗ ಹಲಸಿನ ಮರದ ಕೆಳಗೆ ತಗಡಿನ ಮಾಡು ಕಂಡಿತು. ಬೋರ್ಡು ಇಲ್ಲ. ಮರಕ್ಕೆ ಕಟ್ಟಿದ ಹಳೆಯ ಟಯರೇ ಬೋರ್ಡು. ಒಬ್ಬರು ಮೀನು ಮಾರುವವರ ಮೊಪೆಡ್ ಬಿಚ್ಚಿಕೊಂಡು ಕೂತಿದ್ದರು. ಅಂಗಡಿಯ ಗ್ರೀಸಿನ ವಾಸನೆಯನ್ನು ಬಂಗುಡೆಯ ವಾಸನೆ ಸೋಲಿಸಿತ್ತು.

ನನ್ನ ತೋಳಿನ ಚಾಕ್‌ಪೀಸ್ ಹುಡಿ ನೋಡಿ, “ಎಂತ ಮಾಷ್ಟರೇ, ದೂಡಿಕೊಂಡು ಬಂದದ್ದಾ?” ಎಂದರು.

ನಾನು ರೋಗದ ಚರಿತ್ರೆಯನ್ನೆಲ್ಲ ಹೇಳಿದೆ. ಅವರು ಸ್ಪ್ಯಾನರ್ ಮುಟ್ಟಲಿಲ್ಲ. ಕೈ ಒರೆಸಿಕೊಳ್ಳುತ್ತ ಮೂರೇ ಪ್ರಶ್ನೆ ಕೇಳಿದರು.

“ಟ್ಯಾಂಕು ತುಂಬಿಸಿದ ದಿನ ಬೇಗ ನಿಲ್ಲುತ್ತದಾ?”

ನನಗೆ ರೋಮಾಂಚನವಾಯಿತು. ಇಷ್ಟು ದಿನ ನಾನು ಹೇಳಿದರೆ ನಕ್ಕವರೇ ಹೊರತು ತಾವಾಗಿ ಕೇಳಿದವರಿಲ್ಲ.

“ಮುಚ್ಚಳ ತೆರೆದರೆ ಸುಂಯ್ ಎನ್ನುತ್ತದಾ?”

“ಹೌದು, ಹೌದು!”

“ಒಳಗೆ ಎಂತ ಇಟ್ಟಿದ್ದೀರಿ?”

ಈ ಮೂರನೆಯದಕ್ಕೆ ಉತ್ತರ ತಡವಾಯಿತು. ಹೋದ ವರ್ಷ ಮುಚ್ಚಳದ ಸಂದಿನಿಂದ ಮಳೆನೀರು ಟ್ಯಾಂಕಿಗೆ ಇಳಿದಿತ್ತು. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಇದೆ. ನೀರು ಹೆಚ್ಚಾದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಇದೆಲ್ಲ ತಿಳಿದವನಾದ್ದರಿಂದ ಅರ್ಧ ಲೀಟರಿನ ನಂದಿನಿ ಹಾಲಿನ ಪ್ಲಾಸ್ಟಿಕ್ ತೊಟ್ಟೆಯನ್ನು ತೊಳೆದು, ಒಣಗಿಸಿ, ಬಿಡಿಸಿ, ಟ್ಯಾಂಕಿನ ಬಾಯಿಗೆ ಹಾಸಿ ಅದರ ಮೇಲೆ ಮುಚ್ಚಳ ಒತ್ತುತ್ತಿದ್ದೆ. ಪ್ರತಿ ಸಲ ತೆರೆದಾಗಲೂ ತೊಟ್ಟೆ ತೆಗೆದು, ನೋಡಿ, ಪುನಃ ಹಾಸುತ್ತಿದ್ದೆ. ಸರ್ವಿಸಿಗೆ ಕೊಡುವ ದಿನ ಮಾತ್ರ, ನೆಂಟರು ಬರುವಾಗ ಹಳೆಯ ಬಟ್ಟೆಯನ್ನು ಒಳಗೆ ಹಾಕುವ ಹಾಗೆ, ತೆಗೆದು ಕಿಸೆಯಲ್ಲಿ ಇಟ್ಟುಕೊಂಡಿದ್ದೆ.

ಅವರು ಮುಚ್ಚಳ ತೆರೆದರು. ಸುಂಯ್. ತೊಟ್ಟೆ ಒಳಕ್ಕೆ ಎಳೆಯಲ್ಪಟ್ಟು ದೊನ್ನೆಯ ಹಾಗೆ ಕುಳಿಬಿದ್ದಿತ್ತು. ಅದರ ತಳದಲ್ಲಿ ‘ನಂದಿನಿ’ ಎಂಬ ಅಕ್ಷರಗಳು ಉದ್ದುದ್ದವಾಗಿ ಹಿಗ್ಗಿದ್ದವು.

“ನೋಡಿ, ಮುಚ್ಚಳದಲ್ಲಿ ಸಣ್ಣ ತೂತು ಉಂಟು. ಪೆಟ್ರೋಲು ಕೆಳಗೆ ಇಳಿದ ಹಾಗೆ ಗಾಳಿ ಒಳಗೆ ಹೋಗಬೇಕು. ನೀವು ಅದರ ಮೂಗು ಮುಚ್ಚಿದ್ದೀರಿ. ಟ್ಯಾಂಕು ತುಂಬಿದ್ದರೆ ಒಳಗೆ ಗಾಳಿಯೇ ಕಡಿಮೆ, ಬೇಗ ಉಸಿರು ಕಟ್ಟುತ್ತದೆ. ಮನೆಯಲ್ಲಿ ತೆಂಗಿನೆಣ್ಣೆಯ ಡಬ್ಬಿಗೆ ಎರಡು ತೂತು ಯಾಕೆ ಹೊಡೆಯುವುದು?”

ಇಪ್ಪತ್ತೆರಡು ವರ್ಷಗಳಿಂದ ನಾನು ಎಂಟನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೇನೆ. 1643ರಲ್ಲಿ ಟೊರಿಸೆಲ್ಲಿ ಪಾದರಸದ ಕೊಳವೆಯನ್ನು ತಲೆಕೆಳಗು ನಿಲ್ಲಿಸಿದ್ದು, ಪಾದರಸ 76 ಸೆಂಟಿಮೀಟರಿನಲ್ಲಿ ನಿಂತದ್ದು, ಎಲ್ಲವೂ ನನಗೆ ಬಾಯಿಪಾಠ. ನೀರು ತುಂಬಿದ ಲೋಟದ ಬಾಯಿಗೆ ಅಂಚೆ ಕಾರ್ಡು ಇಟ್ಟು ತಿರುಗಿಸಿ ಹಿಡಿದು, ನೀರು ಬೀಳದಿದ್ದಾಗ ಮಕ್ಕಳಿಂದ ಪ್ರತಿ ವರ್ಷವೂ ಚಪ್ಪಾಳೆ ಗಿಟ್ಟಿಸಿದ್ದೇನೆ. ಅದೇ ಪ್ರಯೋಗವನ್ನು ಒಂದು ತಿಂಗಳಿನಿಂದ ಕಲ್ಸಂಕದಲ್ಲಿ, ಬಸ್ಸುಗಳ ಹಾರ್ನಿನ ನಡುವೆ ಮಾಡುತ್ತಿದ್ದೆನೆಂದು ಹೊಳೆಯಲಿಲ್ಲ.

ಮುಚ್ಚಳ ಹಾಕಿ ಅವರು ಕಿಕ್ ಹೊಡೆದರು. ಎರಡನೆಯದಕ್ಕೇ ಹೊರಟಿತು. ತೊಟ್ಟೆಯನ್ನು ನನ್ನ ಕೈಗೆ ಕೊಟ್ಟು, “ನಿಲ್ಲಿಸಿದಾಗ ಮೇಲಿನಿಂದ ಹಾಕಿ, ಮಳೆಗೆ ತಲೆಯ ಮೇಲೆ ಗೊರಬು ಹಾಕುವ ಹಾಗೆ. ಓಡಿಸುವಾಗ ಹೇಗೂ ನೀವೇ ಅಡ್ಡ ಕೂತಿರುತ್ತೀರಿ” ಎಂದರು. ನನ್ನ ಹೊಟ್ಟೆಯ ಸುತ್ತಳತೆಯ ಬಗ್ಗೆ ಇಷ್ಟು ಉಪಯುಕ್ತವಾದ ಮಾತನ್ನು ಯಾರೂ ಆಡಿರಲಿಲ್ಲ. ಕೇಳದೆಯೇ ಚೈನಿನ ಸಡಿಲ ತೆಗೆದರು, ಎಣ್ಣೆ ಬಿಟ್ಟರು.

“ಎಷ್ಟಾಯಿತು?”

“ಚೈನಿಗೆ ನಲವತ್ತು ಕೊಡಿ. ತೊಟ್ಟೆ ತೆಗೆದದ್ದಕ್ಕೆ ಎಂತ ತೆಗೆದುಕೊಳ್ಳುವುದು ಮಾರಾಯರೇ!”

ನೂರರ ನೋಟು ಕೊಟ್ಟೆ. ಮೀನಿನವರಿಂದ ಚಿಲ್ಲರೆ ಪಡೆದು, ಅರವತ್ತು ರೂಪಾಯಿ ಎಣಿಸಿ ಕೊಟ್ಟರು. ಆ ನೋಟುಗಳಿಗೂ ಬಂಗುಡೆಯ ವಾಸನೆ.

ಹೊರಡುವಾಗ, “ಶಾಲೆಯಲ್ಲಿ ಎಂತ ಕಲಿಸುವುದು ಮಾಷ್ಟರೇ?” ಎಂದು ಕೇಳಿದರು.

“ಕನ್ನಡ” ಎಂದೆ.

“ಹಾಗಾದರೆ ಅಡ್ಡಿ ಇಲ್ಲ” ಎಂದು ಮೊಪೆಡಿನ ಕಡೆಗೆ ತಿರುಗಿದರು.